ಮರಜರೀಗಿಡ

ನೆಟ್ಟಗೆ ಬೆಳೆದ ಕಾಂಡದ ತುದಿಯಲ್ಲಿ ಉದ್ದನೆಯ ಗರಿಗಳ ಗುಂಪನ್ನು ಹೊತ್ತು, ಮರದ ರೂಪ ತಾಳುವ ಜರೀಗಿಡಗಳಿಗೆ ಮರಜರೀಗಿಡ ಎಂಬ ಸಾಮಾನ್ಯ ಹೆಸರಿದೆ. ಇವು ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ, ಬೀಜವೂ ಇಲ್ಲ. ವಂಶ ಮುಂದುವರಿಯುವುದು ಎಲೆಯ ಅಡಿಯಲ್ಲಿ ಹುಟ್ಟುವ ಧೂಳಿನಷ್ಟು ಸಣ್ಣ ಬೀಜಾಣುಗಳಿಂದ. ಹೆಚ್ಚಿನ ಪ್ರಭೇದಗಳು ಸಯಾತಿಯೇಸಿ ಕುಟುಂಬಕ್ಕೆ, ಉಳಿದವುಗಳಲ್ಲಿ ಮುಖ್ಯವಾದವು ಡಿಕ್ಸೋನಿಯೇಸಿ ಕುಟುಂಬಕ್ಕೆ ಸೇರುತ್ತವೆ. ಸಯಾತಿಯೇಸಿಯೊಂದರಲ್ಲೇ 600ಕ್ಕೂ ಹೆಚ್ಚು ಪ್ರಭೇದಗಳಿದ್ದು, ಉಷ್ಣವಲಯದ ಬೆಟ್ಟಗಾಡುಗಳು ಮತ್ತು ಉಪೋಷ್ಣ ವಲಯದ ಸಾಗರದ್ವೀಪಗಳು ಅವುಗಳ ಮುಖ್ಯ ನೆಲೆಗಳಾಗಿವೆ. ಭಾರತದಲ್ಲಿ ಹಿಮಾಲಯದ ಪೂರ್ವಭಾಗ, ಈಶಾನ್ಯ ರಾಜ್ಯಗಳು ಮತ್ತು ಪಶ್ಚಿಮಘಟ್ಟಗಳಲ್ಲಿ ಇವು ಕಂಡುಬರುತ್ತವೆ. ಮಧ್ಯಭಾರತದ ಪಚ್‌ಮಡಿ ಮತ್ತು ಬೈಲಾಡಿಲ ಬೆಟ್ಟಗಳ ತಂಪು ಕಣಿವೆಗಳಲ್ಲಿ ಚಿಕ್ಕ ಚಿಕ್ಕ ನೆಲೆಗಳು ಉಳಿದಿವೆ. ಕರ್ನಾಟಕದಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಮಲೆನಾಡು ಇವುಗಳ ತವರು.

ರಚನೆ

ದೂರದಿಂದ ನೋಡಿದವರಿಗೆ ಮರಜರೀಗಿಡ ಎಳೆಯ ಬೈನೆ ಮರದಂತೆ ಕಾಣುತ್ತದೆ. ಹತ್ತಿರ ಹೋದರೆ ಇದು ಬೇರೆಯೇ ಬಗೆಯ ಸಸ್ಯವೆಂದು ತಿಳಿಯುತ್ತದೆ. ಸಾಮಾನ್ಯ ಜರೀಗಿಡಗಳಲ್ಲಿ ಮಣ್ಣಿನೊಳಗೆ ಅಡ್ಡಡ್ಡ ಹರಿಯುವ ಗುಪ್ತಕಾಂಡವೇ ಇಲ್ಲಿ ನೇರವಾಗಿ ಮೇಲೆದ್ದಿದೆ. ಈ ಕಾಂಡಕ್ಕೆ ತೊಗಟೆಯಿಲ್ಲ, ವರ್ಷದ ಉಂಗುರಗಳಿಲ್ಲ. ತೇಗ, ಹೊನ್ನೆ, ನಂದಿಗಳಲ್ಲಿ ಮರದ ದಪ್ಪವನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುವ ವರ್ಧನ ಊತಕ ಇದರಲ್ಲಿ ಇಲ್ಲವೇ ಇಲ್ಲ. ಹೀಗಾಗಿ ನಿಜವಾದ ಅರ್ಥದಲ್ಲಿ ಕಟ್ಟಿಗೆ ಎಂಬುದು ಇದರಲ್ಲಿ ರೂಪುಗೊಳ್ಳುವುದಿಲ್ಲ.

ಕಟ್ಟಿಗೆಯಿಲ್ಲದೆ ಇಷ್ಟೆತ್ತರ ನಿಲ್ಲುವ ಬಲ ಎರಡು ಕಡೆಯಿಂದ ಬರುತ್ತದೆ. ಕಾಂಡದೊಳಗೆ ನೀರು, ಆಹಾರ ಸಾಗಿಸುವ ನಾಳಕೂರ್ಚಗಳ ಸುತ್ತ ಗಡಸು ಜೀವಕೋಶಗಳ ಕಪ್ಪು ಪಟ್ಟಿಗಳಿದ್ದು, ಅಡ್ಡಕ್ಕೆ ಕೊಯ್ದಾಗ ಅವು ಬಾಗಿದ ಗೆರೆಗಳಾಗಿ ಎದ್ದು ಕಾಣುತ್ತವೆ. ಹೊರಗೆ, ಕಾಂಡದಿಂದಲೇ ಹುಟ್ಟಿದ ಸಾವಿರಾರು ತೆಳ್ಳನೆಯ ಬೇರುಗಳು ಕೆಳಮುಖವಾಗಿ ಇಳಿದು, ಒಂದಕ್ಕೊಂದು ಹೆಣೆದುಕೊಂಡು ದಪ್ಪ ಕವಚ ಕಟ್ಟುತ್ತವೆ. ಬುಡ ಅಗಲವಾಗಿ ತೋರುವುದು ಕಾಂಡ ದಪ್ಪವಾದುದರಿಂದಲ್ಲ, ಈ ಬೇರಿನ ಕವಚದಿಂದ. ಮಳೆಯ ನೀರನ್ನು ಹೀರಿ ಹಿಡಿದಿಡುವುದೂ ಇದೇ ಕವಚ.

ಎಲೆಗಳು ತುದಿಯಿಂದ ಮಾತ್ರ ಹೊರಡುತ್ತವೆ. ಎಳೆಯ ಎಲೆ ಒಳಮುಖವಾಗಿ ಬಿಗಿಯಾಗಿ ಸುರುಳಿ ಸುತ್ತಿಕೊಂಡಿದ್ದು, ಕಂದು ಇಲ್ಲವೆ ಕಪ್ಪು ಬಣ್ಣದ ಹುರುಪೆಗಳು ಅದನ್ನು ಮುಚ್ಚಿರುತ್ತವೆ. ಬೆಳೆದಂತೆ ಸುರುಳಿ ಬುಡದಿಂದ ತುದಿಗೆ ಬಿಚ್ಚಿಕೊಳ್ಳುತ್ತದೆ. ಪೂರ್ಣ ಬೆಳೆದ ಗರಿ ಎರಡು ಮೂರು ಮೀಟರ್ ಉದ್ದವಿದ್ದು, ಎರಡು ಸಲ, ಕೆಲವೊಮ್ಮೆ ಮೂರು ಸಲ ಸೀಳಿಕೊಂಡಿರುತ್ತದೆ. ಹಳೆಯ ಗರಿ ಕಳಚಿ ಬಿದ್ದ ಜಾಗದಲ್ಲಿ ಅಂಡಾಕಾರದ ಕಲೆಗಳು ಉಳಿಯುತ್ತವೆ. ಕೆಲವು ಪ್ರಭೇದಗಳಲ್ಲಿ ಒಣಗಿದ ಗರಿಗಳು ಉದುರದೆ ಕಾಂಡದ ಸುತ್ತ ಜೋತುಬೀಳುತ್ತವೆ. ಬಳ್ಳಿಗಳು ಮತ್ತು ದೊಡ್ಡ ಅಪ್ಪುಗಿಡಗಳು ಕಾಂಡವನ್ನೇರಿ ತುದಿಯನ್ನು ಮುಚ್ಚದಂತೆ ಇದು ತಡೆಯುತ್ತದೆಂದು ಪೇಜ್ ಮತ್ತು ಬ್ರೌನ್ಸಿ ಎಂಬ ವಿಜ್ಞಾನಿಗಳು 1986ರಲ್ಲಿ ವಾದಿಸಿದರು.

ಬೆಳವಣಿಗೆಯೆಲ್ಲ ಒಂದೇ ತುದಿಮೊಗ್ಗನ್ನು ನೆಚ್ಚಿಕೊಂಡಿದೆ. ಅದನ್ನು ಕಡಿದರೆ ನಮ್ಮ ಪ್ರಭೇದಗಳಲ್ಲಿ ಸಾಮಾನ್ಯವಾಗಿ ಇಡೀ ಗಿಡ ಸಾಯುತ್ತದೆ. ಕತ್ತಿಯ ಒಂದೇ ಏಟಿಗೆ ಹತ್ತಾರು ವರ್ಷಗಳ ಬೆಳವಣಿಗೆ ಮುಗಿದುಹೋಗಬಹುದು.

ಜೀವನಚಕ್ರ

ಬಲಿತ ಗರಿಯನ್ನು ಮಗುಚಿ ನೋಡಿದರೆ ನರಗಳ ಮೇಲೆ ಸಾಲಾಗಿ ಗುಂಡನೆಯ ಚುಕ್ಕೆಗಳು ಕಾಣುತ್ತವೆ. ಪ್ರತಿ ಚುಕ್ಕೆಯೂ ಸೋರಸ್ ಎಂಬ ಬೀಜಾಣುಚೀಲಗಳ ಗುಂಪು. ಚೀಲಕ್ಕೆ ದಪ್ಪಗೋಡೆಯ ಕೋಶಗಳ ಓರೆಯಾದ ಉಂಗುರವೊಂದಿದ್ದು, ಗಾಳಿ ಒಣಗಿದಾಗ ಅದು ಬಿಗಿದು ಚೀಲವನ್ನು ಸೀಳುತ್ತದೆ, ಬೀಜಾಣುಗಳು ಹೊರಕ್ಕೆ ಸಿಡಿಯುತ್ತವೆ. ಇವು ಗಾಳಿಯಲ್ಲಿ ಬಹುದೂರ ತೇಲಬಲ್ಲವು. ಸಾಗರದ ನಡುವೆ ಹೊಸದಾಗಿ ಹುಟ್ಟಿದ ಜ್ವಾಲಾಮುಖಿ ದ್ವೀಪಗಳಲ್ಲೂ ಮರಜರೀಗಿಡಗಳು ನೆಲೆಸಿರುವುದು ಇದರಿಂದಲೇ.

ಬೀಜಾಣು ಮೊಳೆತಾಗ ಹುಟ್ಟುವುದು ಮರಜರೀಗಿಡವಲ್ಲ. ಮೊದಲು ಪ್ರೋಥ್ಯಾಲಸ್ ಎಂಬ, ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಹಸಿರು ಹಾಳೆ ಹಸಿ ಮಣ್ಣಿಗೆ ಅಂಟಿಕೊಂಡು ಬೆಳೆಯುತ್ತದೆ. ಗಂಡು ಮತ್ತು ಹೆಣ್ಣು ಲಿಂಗಾಂಗಗಳಿರುವುದು ಇದರ ಅಡಿಯಲ್ಲಿ. ಗಂಡು ಲಿಂಗಾಣುವಿಗೆ ಹಲವು ಕಶಾಂಗಗಳಿದ್ದು, ಅದು ಈಜಿಯೇ ಅಂಡವನ್ನು ಸೇರಬೇಕು. ಅದಕ್ಕೆ ನೀರಿನ ತೆಳುಪದರವಾದರೂ ಬೇಕು. ನಿಷೇಚನವಾದ ಮೇಲೆ ಅದೇ ಹಾಳೆಯಿಂದ ಮರಿಗಿಡ ಮೇಲೇಳುತ್ತದೆ. ಮುಂದೆ ಎತ್ತರಕ್ಕೆ ಬೆಳೆದು ಬೀಜಾಣು ಬಿಡುವುದು ಈ ಗಿಡ.

ಎರಡು ಹಂತಗಳ ಈ ಬಾಳಿನಲ್ಲಿ ಮೊದಲನೆಯದು ಬಹಳ ನಾಜೂಕಾದುದು. ಕೆಲವು ದಿನಗಳ ಬಿಸಿಲಿಗೆ ಮೇಲ್ಮಣ್ಣು ಒಣಗಿದರೆ ಪ್ರೋಥ್ಯಾಲಸ್ ಉಳಿಯುವುದಿಲ್ಲ. ಲಕ್ಷಗಟ್ಟಲೆ ಬೀಜಾಣುಗಳು ಬಿದ್ದರೂ ಗಿಡವಾಗುವವು ಬೆರಳೆಣಿಕೆಯಷ್ಟು. ಹೊಳೆಯ ದಂಡೆಯಲ್ಲಿ ಹೊಸದಾಗಿ ಕುಸಿದ ಮಣ್ಣು, ಹಳೆಯ ಕಾಡುದಾರಿಯ ಪಕ್ಕದ ತೇವದ ಬರೆ ಇಂಥ ತೆರೆದ ಹಸಿ ನೆಲದಲ್ಲಿ ಮರಿಗಿಡಗಳು ಹೆಚ್ಚಾಗಿ ಸಿಗುತ್ತವೆ.

ದಕ್ಷಿಣ ಭಾರತದ ಪ್ರಭೇದಗಳು

ಸಯಾತಿಯ ಜೈಜಾಂಟಿಯ: ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಪ್ರಭೇದ ಇದು. ಗರಿಯ ದಂಟು ಕಪ್ಪಗೆ ಹೊಳೆಯುವುದು ಇದರ ದೊಡ್ಡ ಗುರುತು. ದಂಟಿನ ಬುಡ ಒರಟಾಗಿದ್ದರೂ ಚೂಪಾದ ಮುಳ್ಳುಗಳಿಲ್ಲ. ಸೋರಸ್‌ಗಳಿಗೆ ಹೊದಿಕೆಯಿಲ್ಲ. ಕಿರುಎಲೆಯ ಪ್ರತಿ ಹಾಲೆಯಲ್ಲಿಯೂ ಅವು ಎರಡು ಸಾಲಾಗಿ ಓರೆಯಾಗಿ ಕೂಡಿ ಕೋನದ ಆಕಾರ ತಳೆಯುತ್ತವೆ. ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾ, ಮ್ಯಾನ್ಮಾರ್, ಥೈಲ್ಯಾಂಡ್, ಸುಮಾತ್ರ, ಜಾವಾಗಳವರೆಗೆ ಇದರ ಹರವು. ಕಾಡಿನ ಒಳಗಿನ ತೊರೆಗಳ ಬದಿಯಲ್ಲಿ, ಕೆಲವೆಡೆ ಸ್ವಲ್ಪ ತೆರೆದ ಜೌಗಿನಲ್ಲೂ ಬೆಳೆಯುತ್ತದೆ.

ಸಯಾತಿಯ ಸ್ಪೈನುಲೋಸ: ದಂಟಿನ ತುಂಬ ಮುಳ್ಳುಗಳಿರುವುದರಿಂದ ಇದನ್ನು ಮುಟ್ಟಿಯೇ ಗುರುತಿಸಬಹುದು. ಸೋರಸ್ಸನ್ನು ಗೋಳಾಕಾರದ ತೆಳುಹೊದಿಕೆ ಮುಚ್ಚಿದ್ದು, ಬಲಿತಾಗ ಒಡೆಯುತ್ತದೆ. ಭಾರತದಿಂದ ಚೀನಾ, ಜಪಾನಿನ ದಕ್ಷಿಣ ದ್ವೀಪಗಳವರೆಗೆ ಹರಡಿದೆ. ಚೀನಾದಲ್ಲಿ ರಾಷ್ಟ್ರಮಟ್ಟದ ರಕ್ಷಣೆ ಪಡೆದಿರುವ ಈ ಸಸ್ಯದ ಸಂಪೂರ್ಣ ಜೀನೋಮನ್ನು ಅಲ್ಲಿನ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. 600 ಕೋಟಿಗೂ ಹೆಚ್ಚು ಅಕ್ಷರಜೋಡಿಗಳ ಈ ಜೀನೋಮ್ 69 ವರ್ಣತಂತುಗಳಲ್ಲಿ ಹಂಚಿದೆ. ಮನುಷ್ಯನ ಜೀನೋಮಿನ ಸುಮಾರು ಎರಡು ಪಟ್ಟು ದೊಡ್ಡದು.

ಸಯಾತಿಯ ನೀಲಗಿರೆನ್ಸಿಸ್: ದಕ್ಷಿಣ ಭಾರತಕ್ಕೆ ಸೀಮಿತವಾದ ಪ್ರಭೇದ. ಸಿಂಗಪುರ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ರಿಚರ್ಡ್ ಎರಿಕ್ ಹೋಲ್ಟಮ್ (1895–1990) ಏಷ್ಯದ ಮರಜರೀಗಿಡಗಳನ್ನು ಪರಿಷ್ಕರಿಸಿ 1965ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದವಾಗಿ ವರ್ಣಿಸಿದರು.

ಸಯಾತಿಯ ಕ್ರಿನೈಟ: ತಮಿಳುನಾಡು, ಕೇರಳಗಳ ಎತ್ತರದ ಶೋಲೆ ಕಾಡುಗಳು ಮತ್ತು ಶ್ರೀಲಂಕಾದ ಬೆಟ್ಟಗಳಲ್ಲಿ ಮಾತ್ರ ಇದೆ. ಎಳೆಯ ಗರಿಗಳನ್ನು ದಟ್ಟವಾದ ತಿಳಿಗಂದು ಹುರುಪೆಗಳು ಹೊದ್ದಿರುತ್ತವೆ.

ಈ ಸಸ್ಯಗಳ ಹೆಸರುಗಳು ಗ್ರಂಥದಿಂದ ಗ್ರಂಥಕ್ಕೆ ಬೇರೆಯಾಗಿರುವುದುಂಟು. ಜೇಮ್ಸ್ ಎಡ್ವರ್ಡ್ ಸ್ಮಿತ್ 1793ರಲ್ಲಿ ಸಯಾತಿಯ ಜಾತಿಯನ್ನೂ ರಾಬರ್ಟ್ ಬ್ರೌನ್ 1810ರಲ್ಲಿ ಆಲ್ಸೋಫಿಲ ಜಾತಿಯನ್ನೂ ಸ್ಥಾಪಿಸಿದರು. ಹೋಲ್ಟಮ್ ಎಲ್ಲವನ್ನೂ ಸಯಾತಿಯದಲ್ಲಿ ಒಂದುಗೂಡಿಸಿದರು. ಇತ್ತೀಚಿನ ಡಿಎನ್ಎ ಆಧಾರಿತ ವರ್ಗೀಕರಣ ಮತ್ತೆ ಆಲ್ಸೋಫಿಲ, ಸ್ಫೀರಾಪ್ಟೆರಿಸ್ ಮೊದಲಾದ ಜಾತಿಗಳನ್ನು ಬೇರ್ಪಡಿಸಿದೆ. ಆದ್ದರಿಂದ ಸಯಾತಿಯ ಸ್ಪೈನುಲೋಸ, ಆಲ್ಸೋಫಿಲ ಸ್ಪೈನುಲೋಸ ಎಂಬ ಹೆಸರುಗಳೆರಡೂ ಒಂದೇ ಗಿಡದವು.

ಅಧ್ಯಯನದ ಇತಿಹಾಸ

ದಕ್ಷಿಣ ಭಾರತದ ಜರೀಗಿಡಗಳ ವ್ಯವಸ್ಥಿತ ಅಧ್ಯಯನಕ್ಕೆ ತಳಹದಿ ಹಾಕಿದವರು ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ (1830–1911). ದಕ್ಷಿಣ ಕನ್ನಡ ಆಗ ಆ ಪ್ರಾಂತದ ಭಾಗವಾಗಿತ್ತು. ದಕ್ಷಿಣ ಭಾರತದ ಜರೀಗಿಡಗಳ ಕುರಿತ ಅವರ ಸಚಿತ್ರ ಗ್ರಂಥ 1863ರಿಂದ ಕಂತುಗಳಲ್ಲಿ ಹೊರಬಂತು, 1883ರಲ್ಲಿ ಇಡೀ ಬ್ರಿಟಿಷ್ ಭಾರತದ ಜರೀಗಿಡಗಳ ಕೈಪಿಡಿ ಪ್ರಕಟವಾಯಿತು. ಇವತ್ತಿಗೂ ಸಂಶೋಧಕರು ಆ ಚಿತ್ರಗಳನ್ನು ನೋಡುತ್ತಾರೆ. ಮಾಣಿಕ್ಕಂ ಮತ್ತು ಇರುದಯರಾಜ್ 1992ರಲ್ಲಿ ದಕ್ಷಿಣದ ಪಶ್ಚಿಮಘಟ್ಟಗಳ ಜರೀಗಿಡಗಳ ಗ್ರಂಥವನ್ನು ಹೊರತಂದರು. ಕರ್ನಾಟಕ ರಾಜ್ಯದ ಜರೀವರ್ಗದ ಸಸ್ಯಗಳ ಸಮಗ್ರ ಪಟ್ಟಿಯನ್ನು ಪಿ. ಕೆ. ರಾಜಗೋಪಾಲ್ ಮತ್ತು ಕೆ. ಗೋಪಾಲಕೃಷ್ಣ ಭಟ್ 1998ರಲ್ಲಿ ಸಿದ್ಧಪಡಿಸಿದರು.

ಪಳೆಯುಳಿಕೆ ಮತ್ತು ವಿಕಾಸ

ಮರದಂತೆ ಬೆಳೆಯುವ ಜರೀಗಿಡಗಳು 30 ಕೋಟಿ ವರ್ಷಗಳ ಹಿಂದಿನ ಕಲ್ಲಿದ್ದಲು ಯುಗದಲ್ಲೇ ಇದ್ದವು. ಸರೋನಿಯಸ್ ಎಂಬ ಪಳೆಯುಳಿಕೆ ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಅದು ಬೇರೊಂದು ಕವಲಿಗೆ ಸೇರಿದ್ದು. ಇಂದಿನ ಮರಜರೀಗಿಡಗಳ ಬಳಗದ ಪಳೆಯುಳಿಕೆಗಳು ಡೈನೋಸಾರುಗಳಿದ್ದ ಜುರಾಸಿಕ್ ಕಾಲದಿಂದ ಸಿಗುತ್ತವೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಗೆ ಕ್ಷುದ್ರಗ್ರಹ ಅಪ್ಪಳಿಸಿ ಡೈನೋಸಾರುಗಳು ಅಳಿದ ಕಾಲದ ಮಣ್ಣಿನ ಪದರಗಳಲ್ಲಿ ಹೂಗಿಡಗಳ ಪರಾಗ ಕ್ಷೀಣಿಸಿ, ಜರೀಗಿಡಗಳ ಬೀಜಾಣುಗಳು ಒಮ್ಮೆಲೇ ಹೆಚ್ಚುತ್ತವೆ. ನ್ಯೂಜಿಲೆಂಡಿನ ಇಂಥ ಪದರಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲು ನೆಲದ ಜರೀಗಿಡಗಳೂ ಅವುಗಳ ಹಿಂದೆಯೇ ಮರಜರೀಗಿಡಗಳೂ ಪಾಳುಭೂಮಿಯನ್ನು ಆವರಿಸಿದ್ದು ಕಂಡುಬಂದಿದೆ. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯನ್ನು ಹಾಸಿದ ಲಾವಾ ಹರಿದದ್ದೂ ಹೆಚ್ಚು ಕಡಿಮೆ ಇದೇ ಕಾಲದಲ್ಲಿ.

ಒಣನಾಡಿನಲ್ಲಿ ಏಕೆ ಬೆಳೆಯದು

ಮರಜರೀಗಿಡದ ಹರವನ್ನು ಅರ್ಥ ಮಾಡಿಕೊಳ್ಳಲು ಅದು ಇಲ್ಲದ ನಾಡನ್ನೂ ನೋಡಬೇಕು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ ಇದಕ್ಕೆ ಒಳ್ಳೆಯ ಉದಾಹರಣೆ. ಜಿಲ್ಲೆಯ ಪಶ್ಚಿಮ ತುದಿಯ ಶಿರಾಳಾ ತಾಲ್ಲೂಕು ಸಹ್ಯಾದ್ರಿಯ ಮಡಿಲಲ್ಲಿದೆ. ಅಲ್ಲಿನ ಚಾಂದೋಲಿ ರಾಷ್ಟ್ರೀಯ ಉದ್ಯಾನ 2010ರಿಂದ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶದ ಭಾಗವಾಗಿದೆ. ಪೂರ್ವ ತುದಿಯಲ್ಲಿ ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಜತ್ತ ತಾಲ್ಲೂಕು ಮಳೆನೆರಳಿನ ಬರಗಾಲದ ಸೀಮೆ. ಉಮದಿ, ಸಂಖ ಮೊದಲಾದ ಕನ್ನಡ ಮಾತಾಡುವ ಊರುಗಳಿರುವ ಈ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಬೀಳುವ ಮಳೆ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿನಷ್ಟು.

ಮಳೆಯ ಪ್ರಮಾಣವೊಂದೇ ಇಲ್ಲಿ ನಿರ್ಣಾಯಕವಲ್ಲ. ಆಗುಂಬೆಯಲ್ಲೂ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಬಹಳ ಕಡಿಮೆ. ಆ ತಿಂಗಳುಗಳಲ್ಲಿ ಮರಜರೀಗಿಡವನ್ನು ಉಳಿಸುವುದು ಕಾಡು ಹಿಡಿದಿಟ್ಟ ನೀರು. ಸೋನೆ, ಮಂಜು, ದಟ್ಟ ನೆರಳು, ತರಗೆಲೆಯ ಹಾಸು, ಬೇಸಿಗೆಯಲ್ಲೂ ಬತ್ತದ ತೊರೆ ಇವೆಲ್ಲ ಕೂಡಿದಲ್ಲಿ ಮಾತ್ರ ಆಳಕ್ಕಿಳಿಯದ ಅದರ ಬೇರುಗಳಿಗೆ ವರ್ಷವಿಡೀ ತೇವ ಸಿಗುತ್ತದೆ. ಅಗಲವಾದ ಮೃದು ಗರಿಗಳಿಂದ ಆವಿಯಾಗುವ ನೀರನ್ನು ತುಂಬಿಕೊಳ್ಳಲು ಬೇರೆ ದಾರಿ ಅದಕ್ಕಿಲ್ಲ.

ಜತ್ತದಂಥ ಒಣಸೀಮೆಯಲ್ಲಿ ಜರೀಗಿಡಗಳೇ ಇಲ್ಲವೆಂದಲ್ಲ. ಹಳೆಯ ಬಾವಿಗಳ ಕಲ್ಲುಸಂದುಗಳಲ್ಲಿ, ಗುಡ್ಡದ ಬಂಡೆಯ ನೆರಳಿನಲ್ಲಿ ದಖ್ಖನ್ನಿನುದ್ದಕ್ಕೂ ಬೇರೆ ಬಗೆಯ ಜರೀಗಿಡಗಳು ಬೆಳೆಯುತ್ತವೆ. ಆಯುರ್ವೇದದಲ್ಲಿ ಮಯೂರಶಿಖೆ ಎಂದು ಹೆಸರಾದ ಆಕ್ಟಿನಿಯಾಪ್ಟೆರಿಸ್ ಅವುಗಳಲ್ಲಿ ಒಂದು. ಬೇಸಿಗೆಯಲ್ಲಿ ಮುದುಡಿ ಒಣಗಿ ಸತ್ತಂತಿದ್ದು, ಮಳೆ ಬಿದ್ದೊಡನೆ ಮತ್ತೆ ಹಸಿರಾಗುವ ಶಕ್ತಿ ಅದಕ್ಕಿದೆ. ಒಣನೆಲದ ಚೀಲಾಂಥಿಸ್ ಬಳಗದ ಹಲವು ಪ್ರಭೇದಗಳು ನಿಷೇಚನವಿಲ್ಲದೆಯೇ ಪ್ರೋಥ್ಯಾಲಸ್ಸಿನಿಂದ ನೇರವಾಗಿ ಮರಿಗಿಡ ಹುಟ್ಟಿಸುತ್ತವೆ, ಲಿಂಗಾಣು ಈಜಲು ನೀರಿಗಾಗಿ ಕಾಯಬೇಕಿಲ್ಲ. ಮರಜರೀಗಿಡಕ್ಕೆ ಈ ಎರಡು ಉಪಾಯಗಳೂ ಗೊತ್ತಿಲ್ಲ. ನೀರು ತಪ್ಪದ ಜಾಗವನ್ನು ಹಿಡಿದು ಬಾಳುವುದೊಂದೇ ಅದರ ದಾರಿ.

ದ್ವೀಪಗಳ ಮರಜರೀಗಿಡಗಳು

ಸಾಗರದ ತೇವಗಾಳಿ ಬೀಸುವ ದ್ವೀಪಗಳಲ್ಲಿ ಮರಜರೀಗಿಡಗಳು ಅತ್ಯಂತ ಎತ್ತರಕ್ಕೆ ಬೆಳೆದಿವೆ. ಆಸ್ಟ್ರೇಲಿಯದ ಪೂರ್ವಕ್ಕೆ ಸುಮಾರು 1,400 ಕಿಲೋಮೀಟರ್ ದೂರದಲ್ಲಿ, ದಕ್ಷಿಣ ಅಕ್ಷಾಂಶ 29ರಲ್ಲಿರುವ ನಾರ್ಫೋಕ್ ದ್ವೀಪದ ವಿಸ್ತೀರ್ಣ ಕೇವಲ 35 ಚದರ ಕಿಲೋಮೀಟರ್. ನಮ್ಮ ಉದ್ಯಾನಗಳಲ್ಲಿ ಕ್ರಿಸ್‌ಮಸ್ ಮರವೆಂದು ನೆಡುವ ಅರೌಕೇರಿಯ ಹೆಟರೋಫಿಲ್ಲದ ತವರು ಇದು. ಸ್ಫೀರಾಪ್ಟೆರಿಸ್ ಎಕ್ಸೆಲ್ಸ ಎಂಬ ಮರಜರೀಗಿಡ ಈ ದ್ವೀಪವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ.  ಸಯಾತಿಯ ಬ್ರೌನಿಯೈ ಎಂಬ ಇದರ ಇನ್ನೊಂದು ಹೆಸರು ರಾಬರ್ಟ್ ಬ್ರೌನ್ ಅವರ ನೆನಪಿನದು. ಸುಮಾರು 20 ಮೀಟರ್ ಎತ್ತರಕ್ಕೇರುವ ಇದು ಜಗತ್ತಿನ ಅತಿ ಎತ್ತರದ ಮರಜರೀಗಿಡಗಳಲ್ಲಿ ಸೇರಿದೆ. 1788ರಲ್ಲಿ ಬ್ರಿಟಿಷರು ನೆಲೆಸಿದ ಮೇಲೆ ದ್ವೀಪದ ಹೆಚ್ಚಿನ ಕಾಡು ಬಯಲಾಯಿತು. ಈಗ ಈ ಮರಜರೀಗಿಡದ ಮುಖ್ಯ ಆಸರೆ ಅಲ್ಲಿನ ರಾಷ್ಟ್ರೀಯ ಉದ್ಯಾನ.

ನ್ಯೂಜಿಲೆಂಡಿನ ಬೆಳ್ಳಿ ಜರಿ ಎಲೆಯಡಿಯ ಬಿಳಿ ಬಣ್ಣಕ್ಕೆ ಹೆಸರಾಗಿದ್ದು, ಆ ದೇಶದ ಲಾಂಛನವಾಗಿದೆ. ಅಲ್ಲಿಯ ಮಾಮಕು ಎಂಬ ಕಪ್ಪು ಮರಜರೀಗಿಡದ ತಿರುಳನ್ನು ಮಾವೊರಿ ಜನ ಬೇಯಿಸಿ ತಿನ್ನುತ್ತಿದ್ದರು. ಇನ್ನೊಂದು ಕಡೆ ಆಸ್ಟ್ರೇಲಿಯದಿಂದ ಅಲಂಕಾರಕ್ಕೆಂದು ಹವಾಯಿಗೆ ತಂದ ಸ್ಫೀರಾಪ್ಟೆರಿಸ್ ಕೂಪೆರಿ ಅಲ್ಲಿನ ಸ್ವಂತ ಮರಜರೀಗಿಡಗಳನ್ನು ಒತ್ತರಿಸುವ ಕಳೆಯಾಗಿದೆ. ಒಂದು ನಾಡಿನ ಮರಜರೀಗಿಡವನ್ನು ಇನ್ನೊಂದು ನಾಡಿನ ಕಾಡಿಗೆ ಒಯ್ಯಬಾರದೆಂಬುದಕ್ಕೆ ಇದೇ ಸಾಕ್ಷಿ.

ದ್ವೀಪಗಳಿಂದಾಚೆ, ಪನಾಮದ ಸಯಾತಿಯ ರೋಜಾಸಿಯಾನ ಎಂಬ ಮರಜರೀಗಿಡದ ಕುರಿತ ಶೋಧವೊಂದು 2024ರಲ್ಲಿ ಪ್ರಕಟವಾಯಿತು. ಅಲ್ಲಿ ಒಣಗಿ ಜೋತುಬಿದ್ದ ಗರಿಗಳ ತುದಿ ನೆಲ ಮುಟ್ಟಿದಾಗ ಅದರಿಂದ ಹೊಸ ಬೇರುಗಳು ಹೊರಡುತ್ತವೆ. ಸತ್ತ ಎಲೆಯ ದಂಟೇ ಮಣ್ಣಿನ ಪೋಷಕಾಂಶಗಳನ್ನು ಗಿಡಕ್ಕೆ ಸಾಗಿಸುವ ದಾರಿಯಾಗುತ್ತದೆ.

ಪರಿಸರದಲ್ಲಿ ಸ್ಥಾನ, ಉಪಯೋಗ

ಮರಜರೀಗಿಡದ ಬೇರಿನ ಕವಚ ಹಲವು ಜೀವಿಗಳಿಗೆ ಮನೆ. ಹಾವಸೆ, ಒಂದೇ ಕೋಶದಷ್ಟು ತೆಳುವಾದ ಎಲೆಗಳ ಪೊರೆಜರಿಗಳು, ಸಣ್ಣ ಸೀತಾಳೆಗಳು ಅದರ ಮೇಲೆ ಬೇರೂರುತ್ತವೆ. ಕುಸಿದ ಬರೆಯಲ್ಲಿ ಬೇಗ ನೆಲೆಸುವ ಮರಜರೀಗಿಡಗಳು ಮಣ್ಣನ್ನು ಹಿಡಿದು ನಿಲ್ಲಿಸಿ, ಮುಂದೆ ಬರುವ ಮರಗಳಿಗೆ ನೆರಳು ಕೊಡುತ್ತವೆ.

ಕೊಡಗಿನ ಮನೆಗಳಲ್ಲಿ ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ತೊಪ್ಪು ನೆಲದ ಮೇಲೆ ಬೆಳೆಯುವ ಬೇರೆ ಜರೀಗಿಡ. ಮರಜರೀಗಿಡದ ಸುರುಳಿ ಅಲ್ಲ. ಈಶಾನ್ಯ ಭಾರತದಲ್ಲಿ ಮರಜರೀಗಿಡದ ಕಾಂಡವನ್ನು ಸೀತಾಳೆ ಬೆಳೆಸಲು, ಹೂಕುಂಡ ಮಾಡಲು ಬಳಸಿದ್ದಾರೆ. ಬ್ರೆಜಿಲ್‌ನಲ್ಲಿ ಇದೇ ಬಳಕೆಗಾಗಿ ಡಿಕ್ಸೋನಿಯ ಸೆಲ್ಲೋವಿಯಾನವನ್ನು ಕಡಿದು ಕಡಿದು ಅದು ಅಪಾಯದ ಅಂಚಿಗೆ ಬಂದಿತು. ಸೀತಾಳೆಗಳಿಗೆ ತೆಂಗಿನ ನಾರು, ಇದ್ದಿಲು, ಹೆಂಚಿನ ಚೂರು ಚೆನ್ನಾಗಿ ಒಗ್ಗುತ್ತವೆ. ಇದಕ್ಕಾಗಿ ಮರಜರೀಗಿಡವನ್ನು ಕಡಿಯುವ ಅಗತ್ಯ ಯಾರಿಗೂ ಇಲ್ಲ.

ಸಂರಕ್ಷಣೆ

ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಸಯಾತಿಯ ಸೇರಿದೆ. 1976ರಲ್ಲಿ ಭಾರತ ಈ ಒಪ್ಪಂದದ ಸದಸ್ಯನಾಯಿತು. ಕಾಡಿನಿಂದ ತೆಗೆದು ರಫ್ತು ಮಾಡಬಾರದ ಸಸ್ಯಗಳ ಭಾರತದ ಪಟ್ಟಿಯಲ್ಲೂ ಮರಜರೀಗಿಡಗಳಿವೆ. ಕರ್ನಾಟಕದಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳು ಇಂಥ ತೇವದ ಕಾಡುಗಳಿಗೆ ಆಸರೆಯಾಗಿವೆ. ಈ ನಾಲ್ಕೂ 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಇವೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕೇರಳದ ವಯನಾಡಿನ ಗುರುಕುಲ ಸಸ್ಯಧಾಮ 1981ರಿಂದ ಪಶ್ಚಿಮಘಟ್ಟದ ಅಪರೂಪದ ಸಸ್ಯಗಳನ್ನು, ಅವುಗಳಲ್ಲಿ ಜರೀಗಿಡಗಳನ್ನೂ, ಬೆಳೆಸಿ ಉಳಿಸುತ್ತಿದೆ. ಬೀಜಾಣುಗಳಿಂದ ಪ್ರಯೋಗಾಲಯದಲ್ಲಿ ಸಸಿ ಪಡೆಯುವ ವಿಧಾನವೂ ಸಾಧ್ಯವಾಗಿದೆ.

ಆದರೆ ಕಾನೂನಾಗಲಿ ಸಸಿತೋಟವಾಗಲಿ ಕಾಡುತೊರೆಗೆ ಬದಲಾಗಲಾರವು. ಕಾಡಿನ ಅಂಚಿನ ತೊರೆಯನ್ನು ತಿರುಗಿಸಿದಾಗ, ಹೊಳೆಬದಿಯ ಹೆಮ್ಮರ ಕಡಿದು ಬಿಸಿಲು ಬಿಟ್ಟಾಗ, ರಸ್ತೆ ಅಗಲಿಸಲು ಬರೆ ಕೊರೆದಾಗ ನಿಂತ ಗಿಡಗಳು ಕೆಲವು ವರ್ಷ ಉಳಿದಾವು. ಹೊಸ ಮರಿಗಿಡ ಮಾತ್ರ ಹುಟ್ಟುವುದಿಲ್ಲ. ಎತ್ತರದ ಗಿಡಗಳನ್ನು ಎಣಿಸಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ತಪ್ಪು. ಸುತ್ತಲಿನ ಹಸಿ ಮಣ್ಣಿನಲ್ಲಿ ಎಳೆಯ ಗಿಡಗಳಿವೆಯೇ ಎಂಬುದೇ ಆ ನೆಲೆಯ ಆರೋಗ್ಯದ ಅಳತೆ.

ಈ ತೊರೆಗಳ ರಕ್ಷಣೆ ಮಲೆನಾಡಿನವರ ಕೆಲಸ ಮಾತ್ರವಲ್ಲ. ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ. ಚಾಂದೋಲಿಯ ಕಾಡಿನಿಂದ ಇಳಿಯುವ ವಾರಣಾ ನದಿ ಸಾಂಗಲಿಯ ಬಳಿ ಅವಳನ್ನು ಸೇರುತ್ತದೆ. ಅದರ ಕೆಳಗಿನ ಮ್ಹೈಸಾಳದಲ್ಲಿ ಏತ ನೀರಾವರಿಯಿಂದ ಎತ್ತಿದ ಇದೇ ನೀರು ಜತ್ತದ ಹೊಲಗಳತ್ತ ಹರಿಯುತ್ತದೆ. ಘಟ್ಟದ ಕಾಡು ಬೇಸಿಗೆಯಲ್ಲೂ ನೀರು ಬಿಡುತ್ತಿದ್ದರೆ ಮಲೆನಾಡಿನ ತೊರೆಯಲ್ಲಿ ಮರಜರೀಗಿಡವೂ ಬಯಲುಸೀಮೆಯಲ್ಲಿ ಜೋಳ, ದಾಳಿಂಬೆ, ದ್ರಾಕ್ಷಿಗಳೂ ಉಳಿಯುತ್ತವೆ. ಹೊಳೆಯ ಎರಡೂ ದಂಡೆಗಳ ಮರಗಳನ್ನು ಕಡಿಯದೆ ಬಿಡುವುದು, ಬೇಸಿಗೆಯಲ್ಲಿ ತೊರೆಯ ನೀರನ್ನು ಪೂರ್ತಿ ಎತ್ತದಿರುವುದು, ದೇವರಕಾಡು ಮತ್ತು ಕಾನುಗಳನ್ನು ಒತ್ತುವರಿಯಿಂದ ಕಾಯುವುದು ಈ ಮೂರನ್ನು ಮಾಡಿದರೆ ಮರಜರೀಗಿಡವನ್ನು ಉಳಿಸಲು ಬೇರೆ ಯೋಜನೆ ಬೇಕಾಗುವುದಿಲ್ಲ.